ನಾಲ್ಕು ಪೊಟ್ಟಣ ಉಪ್ಪು

ಮೊದಲು ಹೋದವನು ಕ್ವಬೆನಾ,
ಮಂಗಳವಾರ, ಬೆಳಗಿನ ನಾಲ್ಕೂವರೆಯ ಬಸ್ಸಿಗೆ.
ಜೂನ್ ತಿಂಗಳ ತಾರ್ತುವಿನಲ್ಲಿ ಆ ಹೊತ್ತಿಗೆ
ಬೆಳಕು ಹರಿದು ಎಷ್ಟೋ ಹೊತ್ತು;
ಸರಿಯಾಗಿ ಕತ್ತಲಾದದ್ದೇ ಸುಳ್ಳು.
ಕಣ್ಣೊರೆಸಿಕೊಳ್ಳಲು ಒಂದು ಮೂಲೆ ನೆರಳೂ ಕೊಡದ ಊರು.
ಜನವರಿಯಲ್ಲಿ ಹೋಗಬೇಕಿತ್ತು ನೀನು, ಅಂದೆ.
ಜನವರಿಯಲ್ಲಿ ಬಂದದ್ದೇ ತಪ್ಪಾಯ್ತು, ಅಂದ.

ಅವತ್ತು ಮೂರು ಕೋಟು ಒಂದರ ಮೇಲೊಂದು ತೊಟ್ಟು
ಇದೇ ನಿಲ್ದಾಣದಲ್ಲಿ ಇಳಿದವನನ್ನು
ಕರೆತರಲು ಬಂದವಳೂ ನಾನೇ,
ವಿಶ್ವವಿದ್ಯಾಲಯದ ಪಟ್ಟಿ ಹಿಡಿದು:
ನಾಲ್ಕು ಹೆಸರು, ನಾಲ್ಕು ದೇಶ, ಐದು ತಿಂಗಳು.
ಕೊನೆಗೆ ಸಣ್ಣಕ್ಷರದಲ್ಲಿ ನಾನು, ತ್ರೀನು,
'ಸ್ಥಳೀಯ ವಿದ್ಯಾರ್ಥಿನಿ. ಸಹಾಯಕ್ಕೆ.'

ಹಿಂದಿನ ಸಂಜೆ
ಹಾಸ್ಟೆಲಿನ ಖಾಲಿ ಬಾಟಲಿಗಳನ್ನೆಲ್ಲ ಹೊತ್ತು
ಅಂಗಡಿಯ ಯಂತ್ರಕ್ಕೆ ಉಣಿಸಿದ್ದೆವು.
ತೊಂಬತ್ತನಾಲ್ಕು. ಒಂದೊಂದಕ್ಕೆ ಹತ್ತು ಸೆಂಟು.
ಒಂದೊಂದನ್ನೂ ನುಂಗಿ, ತೇಗಿ, ಚೀಟಿ ಕೊಟ್ಟಿತು ಅದು.
ಐದು ಪಾಲು ಹಾಕಿದರೆ ಎಷ್ಟೆಂದು ಜಗಳ.
ಗಣಿತ ಓದುವ ಒತಾರನೇ ತಪ್ಪು ಹೇಳಿದ.
ಕೊನೆಗೆ ಐಸ್‌ಕ್ರೀಮು, ಹೊಳೆಯ ದಂಡೆ, ಸೊಳ್ಳೆ.
ದೊಡ್ಡ ಮಾತು ಯಾರೂ ಆಡಲಿಲ್ಲ.

ಚಿನಾತ್ಸುವಿನ ಪೆಟ್ಟಿಗೆ ಮೂರು ಕಿಲೋ ಹೆಚ್ಚು.
ತಕ್ಕಡಿಯ ಮೇಲೆ ಅದನ್ನಿಟ್ಟು
ಒಂದೊಂದೇ ತೆಗೆದಳು: ಜೇನಿನ ಶೀಶೆ,
ಚಳಿಗಾಲದ ಬೂಟು, ನಾನೇ ಕೊಟ್ಟ ನಿಘಂಟು.
ನಿಘಂಟನ್ನು ಮತ್ತೆ ಒಳಗಿಟ್ಟಳು. ಮತ್ತೆ ತೆಗೆದಳು.
ಬೇಸರ ಮಾಡ್ಕೋಬೇಡ, ಅಂದಳು.
ಇಲ್ಲಪ್ಪ, ಅಂದೆ; ಆಗಿತ್ತು, ಚೂರು.
ಬೀಳ್ಕೊಡುವಾಗ ಅವಳು ತಲೆ ಬಾಗಿಸಿದಳು,
ನಾನು ಅಪ್ಪಿಕೊಳ್ಳಲು ಮುನ್ನುಗ್ಗಿದೆ,
ಅವಳ ನೆತ್ತಿಗೆ ನನ್ನ ಗಲ್ಲ ಠಕ್ಕೆಂದು ಬಡಿಯಿತು.
ಇಬ್ಬರ ಕಣ್ಣಲ್ಲೂ ನೀರು,
ನೋವಿಗೆ ಎಂದು ಹೇಳಿಕೊಳ್ಳಲು ಅನುಕೂಲವಾಯಿತು.

ಇರಾಚೆ ಹೇಳದೆ ಹೋದಳು.
ಗುರುವಾರ ಎದ್ದು ನೋಡಿದರೆ ಕೋಣೆ ತೆರೆದಿದೆ,
ಹಾಸಿಗೆ ಮಡಚಿದೆ, ಗೋಡೆಯಲ್ಲಿ
ಚಿತ್ರಗಳಿದ್ದ ಕಡೆ ಬಿಳಿಯ ಚೌಕಗಳು.
ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ:
'ಹಾಲು ನಾಳೆಗೆ ಕೆಡುತ್ತೆ. ಕುಡಿ.'
ಕುಡಿದೆ. ಬೈದೆ. ಚೀಟಿ ಎತ್ತಿಟ್ಟುಕೊಂಡೆ.

ಒತಾರನ ರೈಲಿಗೆ ಇನ್ನೂ ಒಂದು ಗಂಟೆ ಇತ್ತು.
ನಿಲ್ದಾಣದ ಬೇಲಿಯ ಲೈಲಾಕ್ ಗೊಂಚಲಲ್ಲಿ
ಐದೆಸಳಿನ ಹೂವಿಗಾಗಿ ಹುಡುಕುತ್ತ ನಿಂತ.
ಸಿಕ್ಕರೆ ನುಂಗಬೇಕು, ಅದೃಷ್ಟ, ಎಂದು
ನಾನೇ ಹೇಳಿಕೊಟ್ಟಿದ್ದೆ. ಬರೀ ನಾಲ್ಕೆಸಳಿನವೇ ಸಿಕ್ಕವು.
ನಿಮ್ಮ ಭಾಷೆಯಲ್ಲಿ ಭವಿಷ್ಯತ್ ಕಾಲವೇ ಇಲ್ಲವಲ್ಲ,
ಮಾತು ಕೊಡೋದು ಹೇಗೆ ನೀವು? ಅಂದ.
ತುಲೆನ್ ಅಂತೀವಿ, ಅಂದೆ.
ಬರ್ತೀನಿ ಅಂದರೂ ಅದೇ,
ಬರ್ತಾ ಇದ್ದೀನಿ ಅಂದರೂ ಅದೇ.
ತುಲೆನ್, ಅಂದ ಅವನು ಮೆಟ್ಟಿಲ ಮೇಲೆ ನಿಂತು.
ತುಲೆನ್, ಕಿಟಕಿಯಲ್ಲಿ ತುಟಿ ಅಲುಗಿತು.
ರೈಲು ಹೋಗುತ್ತಾ ಇತ್ತು.

ಅಡುಗೆಮನೆಯ ಕಪಾಟಿನಲ್ಲಿ
ಟೇಪಿನ ಮೇಲೆ ಬರೆದ ಹೆಸರುಗಳು ಹಾಗೇ ಇವೆ.
ಎಲ್ಲರೂ ಎಲ್ಲವನ್ನೂ ಒಯ್ದಿದ್ದಾರೆ, ಉಪ್ಪು ಬಿಟ್ಟು.
ನಾಲ್ಕು ಅರಗಳಲ್ಲಿ ನಾಲ್ಕು ಒಡೆದ ಪೊಟ್ಟಣ,
ಒಂದೇ ಅಂಗಡಿಯದು, ಒಂದೇ ನೀಲಿ ಕಾಗದ.
ಐದು ತಿಂಗಳು ನಾನು ಉಪ್ಪು ಕೊಂಡೇ ಇಲ್ಲ
ಎಂಬುದು ಆಗ ಹೊಳೆಯಿತು.
ಯಾರ ಋಣ ಎಷ್ಟು ಎಂದು ಎಣಿಸಲು ನೋಡಿದೆ;
ಜಾಡಿಗೆ ಸುರಿದ ಮೇಲೆ ಎಲ್ಲಿಯ ಲೆಕ್ಕ.

ಆಲೂಗಡ್ಡೆ ಬೇಯಿಸಿದೆ, ಒಬ್ಬಳಿಗೆ, ಎರಡು.
ಕೈ ಮಾತ್ರ ಐವರಿಗಾಗುವಷ್ಟು ಉಪ್ಪು ಹಾಕಿತು.
ಬಿಸಾಡಲು ಮನಸ್ಸು ಬರದೆ ತಿಂದೆ.
ರಾತ್ರಿಯೆಲ್ಲ ಎದ್ದೆದ್ದು ನೀರು ಕುಡಿದೆ.
ಹೊರಗೆ ಬೆಳಕು,
ಹೋಗಲೋ ಬೇಡವೋ ಎಂಬಂತೆ,
ಇನ್ನೂ ಬಾಗಿಲಲ್ಲೇ ನಿಂತಿತ್ತು.